ಹುಬ್ಬಳ್ಳಿ ಮಾಲು ಗೋವಾ ದಾರಿ ಹಿಡಿದದ್ದು ಯಾಕೆ?

ಹುಬ್ಬಳ್ಳಿಯನ್ನು ಕರಾವಳಿಗೆ ಜೋಡಿಸುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 1997-98ರ ರೈಲ್ವೆ ಬಜೆಟ್ಟಿನಲ್ಲಿ. ಮಾರ್ಗ ಇನ್ನೂ ಆಗಿಲ್ಲ. ಇದನ್ನು ಕಾಲು ಶತಮಾನದ ವಿಳಂಬ ಅನ್ನುವವರಿದ್ದಾರೆ. ಆದರೆ ಈ ಸೀಮೆಯ ಮಾಲನ್ನು ಯಾವ ಬಂದರಿಗೆ ಇಳಿಸಬೇಕು ಎಂಬ ಜಗ್ಗಾಟ ಶುರುವಾದದ್ದು ಹತ್ತಿಯ ಕಾಲದಲ್ಲಿ.

ರೈಲು ಬರುವ ಮೊದಲು ಧಾರವಾಡ, ಗದಗ ಕಡೆಯ ಎರೆಹೊಲದ ಹತ್ತಿ ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಸೇರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬೈಗೆ. ಹತ್ತಿ ಬಿಡಿಸುವುದೇ ಬೇಸಿಗೆಯ ಹೊತ್ತಿಗೆ. ಮುಂಗಾರು ಹಿಡಿಯಿತೆಂದರೆ ಘಟ್ಟದ ದಾರಿ ಕೆಸರು, ಬಂದರು ಬಂದ್. ಅದಕ್ಕೂ ಮೊದಲಿನ ಎರಡು-ಮೂರು ತಿಂಗಳಲ್ಲೇ ವರ್ಷದ ಮಾಲೆಲ್ಲ ಸಾಗಬೇಕಿತ್ತು. ಮರಳುವ ಎತ್ತುಗಳು ಖಾಲಿ ಬರುತ್ತಿರಲಿಲ್ಲ, ಕರಾವಳಿಯ ಉಪ್ಪು, ತೆಂಗು ಹೊತ್ತು ಬರುತ್ತಿದ್ದವು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂಬ ಒತ್ತಡ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೇ ಸೇರಿಸಿದರು. ಜಿಲ್ಲೆಯೊಂದರ ಗಡಿಯನ್ನು ಅರಳೆ ಬದಲಿಸಿದ ಕಥೆ ಇದು. ಕಾರವಾರದಿಂದ ಒಳನಾಡಿಗೆ ಹಳಿ ಹಾಕುವ ಮಾತೂ ಎದ್ದಿತು.

ಆ ಮಾತು ಬಿದ್ದದ್ದು 1878ರ ಆಂಗ್ಲೋ–ಪೋರ್ಚುಗೀಸ್ ಒಪ್ಪಂದದ ಮುಂದೆ. ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮರ್ಮಗೋವಾ ಬಂದರು, ಅಲ್ಲಿಂದ ಘಟ್ಟ ಹತ್ತುವ ರೈಲು ಎರಡಕ್ಕೂ ಆಗ ದಾರಿಯಾಯಿತು. ಇತ್ತ 1876-78ರ ಬರಗಾಲದಲ್ಲಿ ಧಾನ್ಯ ಸಾಗಿಸಲಾಗದೆ ಜನ ಸತ್ತ ಮೇಲೆ ಸರ್ಕಾರಕ್ಕೂ ರೈಲು ಬೇಕಿತ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ದಶಕ ಮುಗಿಯುವುದರೊಳಗೆ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹುಬ್ಬಳ್ಳಿಯ ಹಳಿ ಕಡಲು ಮುಟ್ಟಿತು. ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಬಂತು, ಗದಗ ಜಂಕ್ಷನ್ ಆಯಿತು, ಎರಡೂ ಕಡೆ ಹತ್ತಿಯ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಗಳೆದ್ದವು. ಕುಮಟಾ ಪೇಟೆ ಸೊರಗಿತು.

ನೂರು ವರ್ಷದ ನಂತರ ಅಂಕೋಲಾ ಮಾರ್ಗ ಕೇಳಿದಾಗ ಮಾಲು ಬದಲಾಗಿತ್ತು: ಬಳ್ಳಾರಿ–ಹೊಸಪೇಟೆಯ ಅದಿರು. ಹಳಿ ಹಾಕಲು ಆಯ್ದುಕೊಂಡದ್ದು ಕಲಘಟಗಿ, ಯಲ್ಲಾಪುರದ ದಾರಿ. ಸುಮಾರು 165 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಹೆಚ್ಚುಕಡಿಮೆ 600 ಹೆಕ್ಟೇರ್ ಕಾಡು ಬೇಕು. ಪರಿಸರದವರ ತಕರಾರು ಕೋರ್ಟು ಹತ್ತಿತು. ಅಷ್ಟರಲ್ಲಿ 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಯೋಜನೆಯ ಮೂಲ ಲೆಕ್ಕವೇ ಕುಸಿಯಿತು. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹಸಿರು ನಿಶಾನೆ ತೋರಿತು, ಅದೇ ವರ್ಷ ಹೈಕೋರ್ಟ್ ತಡೆ ಕೊಟ್ಟಿತು.

ಈಗಿನ ಸ್ಥಿತಿ ನೋಡಿ. ಹುಬ್ಬಳ್ಳಿಯಲ್ಲಿ 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ, 1,507 ಮೀಟರಿನ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. ಕಾರವಾರಕ್ಕೆ ಮಾತ್ರ ಮಡಗಾಂವ್ ಸುತ್ತಿಯೇ ರೈಲು ಹೋಗಬೇಕು. ಉಳಿದ ಮಾಲೆಲ್ಲ ಅರಬೈಲ್ ಘಟ್ಟದ ತಿರುವುಗಳಲ್ಲಿ ಒಂದನೇ ಗೇರಿನಲ್ಲಿ ಏದುಸಿರು ಬಿಡುವ ಲಾರಿಗಳ ಮೇಲೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅವೂ ಸಾಲುಗಟ್ಟಿ ನಿಲ್ಲುತ್ತವೆ. ಮಾರ್ಗ ಬೇಕೆನ್ನುವವರು ಈ ಲಾರಿಗಳ ಮೇಲಿನ ಮಾಲು ಯಾವುದು, ಎಷ್ಟು ಎಂಬ ಲೆಕ್ಕವನ್ನು ಮುಂದಿಟ್ಟು ವಾದಿಸುವುದು ಒಳ್ಳೆಯದು. ಅದಿರಿನ ಹಳೇ ಲೆಕ್ಕಕ್ಕೆ ಅಷ್ಟು ಕಾಡು ಕೊಡಿ ಎಂದರೆ ಯಾರೂ ಒಪ್ಪಲಿಕ್ಕಿಲ್ಲ.