ಮೆಟ್ಟಿಲು ಬಾವಿಯಿಂದ ನಳದ ಗುಂಡಿಯವರೆಗೆ

ನಾರುಹುಣ್ಣು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ರಾಯಚೂರು, ಕೊಪ್ಪಳ ಸೀಮೆಯ ಹಿರಿಯರಿಗೆ ನೆನಪಿದೆ. ಕಾಲಿನ ಬೊಬ್ಬೆ ಒಡೆದು ಬಿಳಿ ದಾರದಂಥ ಹುಳು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಎಂದು ವಾರಗಟ್ಟಲೆ ಎಳೆಯಬೇಕು. ಉದ್ದ 60ರಿಂದ 100 ಸೆಂ.ಮೀ. ಅವಸರಪಟ್ಟರೆ ಒಳಗೇ ತುಂಡಾಗಿ ಕಾಲು ಕೀವು ತುಂಬಿಕೊಳ್ಳುತ್ತಿತ್ತು. ಅದೇ ಕಾಲಿನಲ್ಲಿ ಮೆಟ್ಟಿಲು ಬಾವಿಗೆ ಇಳಿದು ಕೊಡ ಮುಳುಗಿಸಿದರೆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ನೀರುಜೀವಿ ಆ ಮರಿಗಳನ್ನು ನುಂಗುತ್ತಿತ್ತು. ಎರಡು ವಾರ ಕಳೆದು ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಅದೇ ಬೊಬ್ಬೆ.

ಈ ರೋಗಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ಆದರೂ ಓಡಿಸಿದೆವು. ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಊರೂರಿಗೆ ಬೋರಿಂಗ್ ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ಎಂದು ಸಾರಿತು. ಹೊಲಸು ನೀರಿಗೆ ಸೇರುವ ಜಾಗ ಯಾವುದೆಂದು ಗುರುತಿಸಿ ಅಲ್ಲೇ ತಡೆದದ್ದು ಆ ಗೆಲುವಿನ ಗುಟ್ಟು. ಆಮೇಲೆ ಆ ಜಾಗವೇ ಬೇರೆಡೆಗೆ ಸರಿಯಿತು.

ಬಟ್ಟೆಯಲ್ಲಿ ಸೈಕ್ಲಾಪ್ಸ್ ಸಿಕ್ಕಿಬೀಳುತ್ತದೆ, ಕಾಲರಾ, ಟೈಫಾಯ್ಡ್ ರೋಗಾಣು ನುಸುಳಿಹೋಗುತ್ತವೆ. ಬೋರ್ ಆಳಕ್ಕೆ ಹೋದಂತೆ ಹಲವು ಊರುಗಳಲ್ಲಿ ಫ್ಲೋರೈಡ್ ಕಾಟ ಶುರುವಾಯಿತು. ಹೀಗೆ ತುಂಗಭದ್ರೆ, ಕೃಷ್ಣೆಯ ನೀರು ಕೆರೆ, ಶುದ್ಧೀಕರಣ ಘಟಕ, ಮೇಲ್ಟ್ಯಾಂಕ್ ಹಾಯ್ದು ಪೈಪಿನಲ್ಲಿ ಮನೆಗೆ ಬಂತು.

ತೊಂದರೆ ಈಗ ಆ ಪೈಪಿನ ಕೊನೆಯಲ್ಲಿದೆ. ನೀರಿನ ಒತ್ತಡ ಸಾಲದ ಓಣಿಯಲ್ಲಿ ಜನ ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ ನಳವನ್ನು ಅದರೊಳಗೆ ಇಳಿಸುತ್ತಾರೆ. ಚೆಲ್ಲಿದ ನೀರು, ಪಕ್ಕದ ಚರಂಡಿಯ ಜಿನುಗು ಎರಡೂ ಅಲ್ಲೇ ನಿಲ್ಲುತ್ತವೆ, ನಳದ ಬಾಯಿ ಅದರಲ್ಲಿ ಮುಳುಗಿರುತ್ತದೆ. ನೀರುಗಂಟಿ ವಾಲ್ ಬಂದ್ ಮಾಡಿದೊಡನೆ ಪೈಪಿನೊಳಗಿನ ನೀರು ತಗ್ಗಿಗೆ ಇಳಿಯುತ್ತದೆ, ಹಿಂದೆ ಖಾಲಿಯಾದ ಜಾಗ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗುಂಡಿಯ ರಾಡಿ ನಳದಿಂದ, ಚರಂಡಿ ನೀರು ಜಾಯಿಂಟಿನ ಬಿರುಕಿನಿಂದ ಒಳಗೆ ಹೋಗುತ್ತದೆ. ನಳಕ್ಕೆ ನೇರ ಮೋಟಾರ್ ಹಚ್ಚಿದರೆ ಎಳೆತ ಇನ್ನೂ ಜೋರು. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಪ್ರತಿ ಸರದಿಯ ಮೊದಲ ಕೊಡ ಈ ಹೊಲಸನ್ನೇ ಹೊತ್ತು ಬರುತ್ತದೆ. ಆ ನೀರನ್ನು ಚೆಲ್ಲಲೇಬೇಕು.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲೂ ವಾಂತಿ-ಭೇದಿ ಜೀವ ತೆಗೆಯಿತು. ಎರಡು ನದಿಗಳ ನಡುವಿನ ನಾಡಿನಲ್ಲಿ ಇಂಥ ಸಾವು ಆಗಬಾರದಿತ್ತು.

ಹೊಟ್ಟೆಯೊಳಗೆ ಆಗುವುದು ಇಷ್ಟು. ಕಾಲರಾ ರೋಗಾಣುವನ್ನು ಜಠರದ ಆಮ್ಲವೇ ಬಹುಪಾಲು ಕೊಲ್ಲುತ್ತದೆ, ಹಾಗಾಗಿ ರೋಗ ಹತ್ತಲು ಭಾರಿ ಸಂಖ್ಯೆ ಬೇಕು. ಅನ್ನದ ಜೊತೆ ಹೋದರೆ ಆಮ್ಲದ ಪೆಟ್ಟು ತಗ್ಗಿ ಕಡಿಮೆ ಸಂಖ್ಯೆಯೂ ಸಾಕಾಗುತ್ತದೆ. ರಕ್ತಭೇದಿಯ ಶಿಗೆಲ್ಲಾ ಹತ್ತರಿಂದ ನೂರು ಇದ್ದರೆ ಸಾಕು, ತೊಳೆಯದ ಕೈಯಿಂದ ರೊಟ್ಟಿಗೆ ದಾಟುತ್ತದೆ. ಕಾಲರಾದಲ್ಲಿ ಕರುಳನ್ನು ಸೋರಿಸುವುದು ರೋಗಾಣು ಬಿಡುವ ವಿಷ ಎಂದು 1959ರಲ್ಲಿ ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ ತೋರಿಸಿದರು. ಆ ಕರುಳೂ ಸಕ್ಕರೆಯ ಜೊತೆ ಉಪ್ಪು, ನೀರನ್ನು ಒಳಗೆಳೆಯಬಲ್ಲದು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಇದನ್ನೇ ನಂಬಿ ಉಪ್ಪು-ಸಕ್ಕರೆ ನೀರು ಕುಡಿಸಿದರು, ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ 3.6ಕ್ಕೆ ಇಳಿಯಿತು. ಇಂದಿನ 20.5 ಗ್ರಾಂ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಸುರಿದು ಗಟ್ಟಿ ಮಾಡಿದರೆ ಭೇದಿ ಹೆಚ್ಚುತ್ತದೆ.

ಊರಿನ ಟ್ಯಾಂಕಿಗೆ ಮದ್ದು ಬ್ಲೀಚಿಂಗ್ ಪೌಡರ್. ತಿಳಿ ನೀರಾದರೆ 1,000 ಲೀಟರಿಗೆ 2.5 ಗ್ರಾಂ, 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಇದು ಶೇ 33ರಷ್ಟು ಕ್ಲೋರಿನ್ ಇರುವ ಹೊಸ ಪೌಡರಿನ ಲೆಕ್ಕ. ಬಾಯಿ ತೆರೆದ ಚೀಲ ಬಿಸಿಲು, ತೇವಕ್ಕೆ ಸಿಕ್ಕರೆ ಕಸುವು ಅರ್ಧಕ್ಕಿಳಿಯುತ್ತದೆ, ಆಗ ಇದರ ಎರಡರಷ್ಟು ಬೇಕು. ಕೆಂಪು ಮಳೆನೀರು ಬಂದರೂ ಈ ಅಳತೆ ಸಾಲದು, ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ. ಪ್ಲಾಸ್ಟಿಕ್ ಬಕೆಟಿನಲ್ಲಿ ಪೌಡರನ್ನು ಹಿಟ್ಟಿನಂತೆ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆಯಾದರೂ ಕಳೆಯದೆ ವಾಲ್ ತೆರೆಯಬಾರದು.

ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಈ ಕ್ಲೋರಿನ್ ಕಾವಲು ಇರುವುದಿಲ್ಲ. ಅದನ್ನು ಅಗಲ ಬಾಯಿಯ ಹರವಿಗೆ ಸುರಿದು ಲೋಟದ ಜೊತೆ ಬೆರಳನ್ನೂ ಅದ್ದಿದರೆ ಕೊಟ್ಟ ದುಡ್ಡು ದಂಡ. ಉದ್ದ ಹಿಡಿಕೆಯ ಸೌಟಾದರೂ ಬೇಕು.

ನೀರಿನ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ವಹಿಯಲ್ಲಿ ಬರೆದಿಡುವ ರೂಢಿ ಸಾಲದು. ನೀರಿನಲ್ಲಿ ಉಳಿದ ಕ್ಲೋರಿನ್ ಅನ್ನು ಬಣ್ಣದಿಂದ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ಓಣಿಯ ಕೊನೆಯ ಮನೆಗೆ ಹೋಗಬೇಕು. ಅಲ್ಲಿನ ನಳದ ನೀರಿಗೆ ಹನಿ ಹಾಕಿದೊಡನೆ ಹಳದಿ ಬಣ್ಣ ಏಳಬೇಕು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ಬಣ್ಣ ಏಳದಿದ್ದರೆ ಟ್ಯಾಂಕಿಗೆ ಇನ್ನಷ್ಟು ಪೌಡರ್ ಸುರಿಯುವ ಮುಂಚೆ, ಟ್ಯಾಂಕಿನಿಂದ ಆ ಮನೆಯವರೆಗಿನ ಒಂದೊಂದು ಗುಂಡಿ, ಒಂದೊಂದು ಜಾಯಿಂಟ್ ನೋಡುತ್ತ ಬರಬೇಕು.