ಬಾಂಡ್ ಮ್ಯೂಸಿಕ್ ಯಾರದು? ಟ್ಯೂನ್ ಹಾಕಿದವರದಾ, ಜೋಡಿಸಿದವರದಾ?

ತುಮಕೂರಿನ ರಸಮಂಜರಿ ತಂಡಗಳಿಗೆ ಕೀಬೋರ್ಡ್ ನುಡಿಸುವುದು, ಹಾಡುಗಳಿಗೆ ವಾದ್ಯ ಜೋಡಿಸಿಕೊಡುವುದು ನನ್ನ ಕೆಲಸ. ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಯಾವತ್ತೂ ಮುಗಿಯದ ಜಗಳ ಒಂದಿದೆ. ಬಾಂಡ್ ಸಿನಿಮಾಗಳಿಗೆ ಯಾರ ಮ್ಯೂಸಿಕ್ ಚೆನ್ನ? ವಯಸ್ಸಾದವರಿಗೆ ಜಾನ್ ಬ್ಯಾರಿ ಬಿಟ್ಟರೆ ಬೇರೆ ದೇವರಿಲ್ಲ. ಹುಡುಗರು ಹ್ಯಾನ್ಸ್ ಝಿಮರ್ ಅನ್ನುತ್ತಾರೆ. ನಡುವಯಸ್ಸಿನವರು ಡೇವಿಡ್ ಆರ್ನಾಲ್ಡ್ ಕಡೆ. ಅಷ್ಟರಲ್ಲಿ ಯಾರಾದರೂ ‘ನಮ್ಮ ಜಿ.ಕೆ. ವೆಂಕಟೇಶ್ ಅವರನ್ನ ಮರೆತೇಬಿಟ್ರಲ್ಲ’ ಅಂದರೆ ಅವತ್ತಿನ ಪ್ರಾಕ್ಟೀಸ್ ಮುಗಿದ ಹಾಗೇ.

ಎಲ್ಲರೂ ವಾದ ಮಾಡುವುದು ಟ್ಯೂನ್ ಹಿಡಿದುಕೊಂಡು. ನನ್ನ ಪ್ರಕಾರ ಸ್ಪೈ ಸಿನಿಮಾ ಸಂಗೀತದ ಮುಕ್ಕಾಲು ಪಾಲು ಇರುವುದು ಜೋಡಣೆಯಲ್ಲಿ. ಯಾವ ವಾದ್ಯ, ಯಾವ ಲಯ, ಎಲ್ಲಿ ಸುಮ್ಮನಿರಬೇಕು, ಅದು. ಜೋಡಿಸುವವನೇ ಹೀಗೆ ಹೇಳಿದರೆ ಪಕ್ಷಪಾತ ಅನ್ನಿಸಬಹುದು, ಅನ್ನಿಸಲಿ.

ಬಾಂಡ್ ಥೀಮಿನ ಕತೆಯನ್ನೇ ನೋಡಿ. 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಅದು ಮೊದಲು ಕೇಳಿಸಿತು. ಟ್ಯೂನ್ ಮಾಂಟಿ ನಾರ್ಮನ್ ಅವರದು. ಬಾಂಡ್‌ಗಿಂತ ಮುಂಚೆ ಅವರು ವಿ.ಎಸ್. ನೈಪಾಲ್ ಅವರ ಒಂದು ಕಾದಂಬರಿಯನ್ನು ಸಂಗೀತ ನಾಟಕ ಮಾಡಲು ಹೊರಟಿದ್ದರು. ಟ್ರಿನಿಡಾಡ್‌ನಲ್ಲಿ ನೆಲೆಸಿದ ಭಾರತೀಯ ಮೂಲದವರ ಕತೆ ಅದು. ಅದಕ್ಕೆಂದು ಹಾಕಿದ ಒಂದು ಟ್ಯೂನ್ ಬಾಂಡ್‌ಗೆ ಬಂತು. ಮೂಲ ಹಾಡಿನ ವಿಷಯ ಏನು ಗೊತ್ತಾ? ಅಪಶಕುನದ ಸೀನು, ಆಕ್ಷೀ ಅಂತ ಸೀನುತ್ತೇವಲ್ಲ, ಅದು! ತನ್ನ ಕೆಟ್ಟ ಸೀನಿನ ಬಗ್ಗೆ ಒಬ್ಬ ಹೇಳಿಕೊಳ್ಳುವ ತಮಾಷೆ ಹಾಡು. ಅದೇ ಸ್ವರಗಳನ್ನು ಜಾನ್ ಬ್ಯಾರಿ ಎಲೆಕ್ಟ್ರಿಕ್ ಗಿಟಾರಿಗೆ ಕೊಟ್ಟರು. ವಿಕ್ ಫ್ಲಿಕ್ ನುಡಿಸಿದರು. ಹಿಂದೆ ಟ್ರಂಪೆಟ್, ಟ್ರಾಂಬೋನ್ ಬಂದವು. ಸೀನಿನ ಹಾಡು ಪಿಸ್ತೂಲಿನ ಹಾಡಾಯಿತು.

ಮುಂದೆ ಒಂದು ಪತ್ರಿಕೆ ಥೀಮ್ ಬರೆದದ್ದು ಬ್ಯಾರಿಯೇ ಅಂತ ಬರೆಯಿತು. ನಾರ್ಮನ್ ಕೋರ್ಟಿಗೆ ಹೋದರು. 2001ರಲ್ಲಿ ಲಂಡನ್ನಿನಲ್ಲಿ ಗೆದ್ದರು, 30,000 ಪೌಂಡ್ ಪರಿಹಾರವೂ ಸಿಕ್ಕಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ನಿಮ್ಮ ಕಿವಿಯಲ್ಲಿ ನಿಂತಿರುವುದು ಯಾವುದು, ಸೀನಾ, ಗಿಟಾರಾ?

ಗಿಟಾರಿನ ಹಿಂದೆ ಓಡುವ ಆ ನಾಲ್ಕು ಸ್ವರ ಇದೆಯಲ್ಲ, ಅಲ್ಲಿದೆ ಮಜಾ. ಷಡ್ಜವನ್ನು ‘ಇ’ ಕೀಗೆ ಇಟ್ಟುಕೊಳ್ಳಿ. ಪಂಚಮ (ಪ), ಶುದ್ಧ ಧೈವತ (ಕೆಳಗಿನ ಧ), ಚತುಶ್ರುತಿ ಧೈವತ (ಅದರ ಮೇಲಿನ ಧ), ಮತ್ತೆ ಶುದ್ಧ ಧೈವತ. ಕೀಬೋರ್ಡಿನಲ್ಲಿ ಪಕ್ಕಪಕ್ಕದ ಮೂರೇ ಕೀ. ಎರಡೂ ಧೈವತ ಒಂದರ ಹಿಂದೆ ಒಂದು ಬರುವುದರಿಂದ ನಮ್ಮ ಕಿವಿಗೆ ಯಾವ ರಾಗದಲ್ಲೂ ಕಾಲೂರಲು ಆಗುವುದಿಲ್ಲ. ಕೊನೆಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಇನ್ನೂ ಚೆಂದ. ಸ, ಸಾಧಾರಣ ಗಾಂಧಾರ, ಪ, ಕಾಕಲಿ ನಿಷಾದ, ಮೇಲೆ ಚತುಶ್ರುತಿ ರಿಷಭ. ಎಲ್ಲವೂ ಕೀರವಾಣಿ ರಾಗದಲ್ಲಿ ಸಿಗುವ ಸ್ವರಗಳೇ, ಹೊಸದೇನಿಲ್ಲ. ಆದರೆ ಎಲ್ಲ ಒಟ್ಟಿಗೆ ಮೊಳಗುತ್ತವೆ. ನಿಷಾದ ಷಡ್ಜಕ್ಕೆ ಹೋಗಬೇಕು ಅಂತ ಒದ್ದಾಡುತ್ತದೆ, ಬ್ಯಾರಿ ಬಿಡುವುದಿಲ್ಲ. ಹಾಡು ಹಾಗೇ ನೇತಾಡಿಕೊಂಡು ನಿಲ್ಲುತ್ತದೆ.

ಇದನ್ನು ವೇದಿಕೆ ಮೇಲೆ ನುಡಿಸುವವರಿಗೆ ಒಂದು ಮಾತು. ಗಿಟಾರನ್ನು ದಪ್ಪ ತಂತಿಯಲ್ಲಿ, ಬ್ರಿಡ್ಜ್ ಹತ್ತಿರ, ಗಟ್ಟಿಯಾಗಿ ಮೀಟಿ. ಸಣ್ಣ ತಂತಿಯಲ್ಲಿ ನುಡಿಸಿದರೆ ರಿಂಗ್‌ಟೋನ್ ಆಗಿಬಿಡುತ್ತದೆ.

ಲಯದ ವಿಷಯಕ್ಕೆ ‘ಮಿಷನ್ ಇಂಪಾಸಿಬಲ್’ ಸಾಕು. 1966ರಲ್ಲಿ ಟಿವಿ ಸರಣಿಗೆ ಲಾಲೋ ಶಿಫ್ರಿನ್ ಮಾಡಿದ್ದು ಐದರ ಲೆಕ್ಕ. ತಕಿಟ ತಕಿಟ ತಕ ತಕ ಅಂತ ಎಣಿಸಿ ನೋಡಿ, ಹತ್ತು ಅಕ್ಷರ, ಅಂದರೆ ಐದರ ಎರಡರಷ್ಟು, ಸರಿಯಾಗಿ ಕೂರುತ್ತದೆ. ಸರಣಿಯ ಟೈಟಲ್‌ನಲ್ಲಿ ಕಾಣುವ, ಬೆಂಕಿ ಹಚ್ಚಿದ ಬತ್ತಿಯ ಹಿಂದೆ ಓಡುವಾಗ ಒಂದು ಹೆಜ್ಜೆ ಜಾಸ್ತಿ ಬಿದ್ದ ಹಾಗೆ ಅನ್ನಿಸುವುದು ಅದಕ್ಕೇ. 1996ರಲ್ಲಿ ಸಿನಿಮಾ ಬಂದಾಗ ಯು2 ತಂಡದ ಲ್ಯಾರಿ ಮುಲನ್, ಆ್ಯಡಮ್ ಕ್ಲೇಟನ್ ಅದನ್ನು ಬಹುಪಾಲು ನಾಲ್ಕಕ್ಕೆ ತಂದರು. ನಮ್ಮ ರಿದಮ್ ಪ್ಯಾಡ್ ಹುಡುಗನಿಗೆ ಇದೇ ಇಷ್ಟ. ‘ಐದಕ್ಕೆ ಯಾರು ಸಾರ್ ಕುಣೀತಾರೆ?’ ಅನ್ನುತ್ತಾನೆ. ನಿಜ, ಯಾರೂ ಕುಣಿಯಲ್ಲ. ಆದರೆ ನಾಲ್ಕಕ್ಕೆ ಬಂದ ಮೇಲೆ ಭಯ ಹೋಯಿತು, ಅದೂ ನಿಜ ಅಲ್ವಾ?

ಇನ್ನು ಸುಮ್ಮನಿರುವುದು. 2006ರ ‘ಕ್ಯಾಸಿನೋ ರೊಯಾಲ್’ನಲ್ಲಿ ಥೀಮೇ ಇಲ್ಲ ಅಂತ ಗೊಣಗುವವರಿದ್ದಾರೆ. ಅದು ಆರ್ನಾಲ್ಡ್ ಬೇಕಂತಲೇ ಮಾಡಿದ್ದು. ಆ ಚಿತ್ರದಲ್ಲಿ ನಾಯಕ ಇನ್ನೂ ಬಾಂಡ್ ಆಗುತ್ತಿದ್ದಾನೆ. ಅಲ್ಲಲ್ಲಿ ಥೀಮಿನ ಚೂರು ಮಾತ್ರ ಬರುತ್ತವೆ, ಉಳಿದಂತೆ ಟೈಟಲ್ ಹಾಡಿನ ಸ್ವರಗಳನ್ನೇ ಓಡಿಸುತ್ತಾರೆ. ಕಟ್ಟಕಡೆಗೆ ಆತ ತನ್ನ ಹೆಸರು ಹೇಳುತ್ತಾನೆ. ಆಗ ಪೂರ್ತಿ ಥೀಮ್.

ನನ್ನ ಓಟು ಬ್ಯಾರಿಗೇ. ಅವಸರದ ದೃಶ್ಯಕ್ಕೆ ನಿಧಾನದ ಸಂಗೀತ ಇಡುವ ಧೈರ್ಯ ಅವರಿಗಿತ್ತು. 1967ರ ‘ಯು ಓನ್ಲಿ ಲಿವ್ ಟ್ವೈಸ್’ನಲ್ಲಿ ಬಾಹ್ಯಾಕಾಶದಲ್ಲಿ ನೌಕೆಯನ್ನು ನುಂಗುವ ದೃಶ್ಯ ಕೇಳಿ, ನಿಧಾನಕ್ಕೆ ಬರುವ ಒಂದು ಮಾರ್ಚ್. ಝಿಮರ್ ಭಕ್ತರು ಬೇಜಾರು ಮಾಡಿಕೊಳ್ಳಬೇಡಿ. 2021ರ ‘ನೋ ಟೈಮ್ ಟು ಡೈ’ನಲ್ಲಿ ನಿಮ್ಮ ಕಣ್ಣಲ್ಲಿ ನೀರು ತರಿಸಲು ಅವರು ತಂದಿದ್ದೂ ಬ್ಯಾರಿಯ 1969ರ ಟ್ಯೂನನ್ನೇ.

ಜಿ.ಕೆ. ವೆಂಕಟೇಶ್ ಬಗ್ಗೆ ‘ಬಾಂಡ್ ಕಾಪಿ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. 1968ರ ‘ಜೇಡರ ಬಲೆ’ಯಿಂದ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಿಗೆ ಅವರದೇ ಸಂಗೀತ. ಇಳಯರಾಜ ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು, ಅಂದರೆ ಜೋಡಣೆಗೆ ಅದೊಂದು ಪಾಠಶಾಲೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನ ‘ಇಫ್ ಯು ಕಮ್ ಟುಡೇ’ ಈಗ ಮೊಬೈಲಿನಲ್ಲಿ ನಗಲು ಹಾಕುವ ಹಾಡಾಗಿದೆ. ನಗಿ, ತಪ್ಪಿಲ್ಲ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಅಣ್ಣಾವ್ರ ದನಿ ಬಿಟ್ಟು ಹಿಂದಿನ ವಾದ್ಯಗಳನ್ನಷ್ಟೇ ಕೇಳಿ. ಪತ್ತೇದಾರಿ ಚಿತ್ರದ ನಡುವೆ ಇಷ್ಟು ಆರಾಮಾಗಿ ಹಾಡುವ ಧೈರ್ಯ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಗಣೇಶನ ಪೆಂಡಾಲಿನಲ್ಲಿ ಆ ಹಾಡಿಗೆ ಚೀಟಿ ಬಂದೇ ಬರುತ್ತದೆ. ಸಂಘದವರು ಖರ್ಚು ಉಳಿಸಲು ‘ಟ್ರ್ಯಾಕ್ ಹಾಕಿ ಹಾಡಿಸಿಬಿಡಿ ಸಾರ್’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆ ಯಾವ ಹಾಡಿಗಾದರೂ ಟ್ರ್ಯಾಕ್ ಇರಲಿ, ಇದಕ್ಕೆ ಮಾತ್ರ ಬೇಸ್ ಗಿಟಾರಿನವರನ್ನು ಕರೆಸಲೇಬೇಕು.