ದೋಟಿ ಯಾವ ತೋಟಕ್ಕೆ ಒಗ್ಗುತ್ತದೆ?

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ತೋಟವೆಂದರೆ ಗುಡ್ಡದ ಬುಡದಿಂದ ತೋಡಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತಟ್ಟುಗಳು. ಮರ ಹತ್ತುವವರು ಕಡಿಮೆಯಾದಂತೆ, ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇಲ್ಲಿಗೂ ಬಂತು. ಒಂದು ತೋಟದಲ್ಲಿ ಅದಕ್ಕೆ ಬಿಡುವಿಲ್ಲ. ಪಕ್ಕದ ತೋಟದಲ್ಲಿ ಅಟ್ಟ ಸೇರಿದೆ. ಇದನ್ನು ಕೃಷಿಕರ ಹಟವೆನ್ನುವುದು ಅನ್ಯಾಯ. ಕಾರಣ ಬಹುಮಟ್ಟಿಗೆ ನೆಲದಲ್ಲಿದೆ.

ದೋಟಿಯಲ್ಲಿ ಒಂದರೊಳಗೊಂದು ಕೂರುವ ಕೊಳವೆಗಳಿರುತ್ತವೆ. ತುದಿಯ ಸಪೂರ ಕೊಳವೆಯಿಂದ ತೊಡಗಿ ಒಂದೊಂದಾಗಿ ಎಳೆದು ಬಿಗಿಮಾಡಬೇಕು. ಕಿರಿದಾದ ತಟ್ಟಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿಯಲು ಜಾಗವಿಲ್ಲದೆ ಗೊನೆ ನೆತ್ತಿಯ ಮೇಲೆಯೇ ಬರುತ್ತದೆ. ಕತ್ತು ಸೋಲುತ್ತದೆ, ಮದ್ದು ಮೈಗೆ ಸುರಿಯುತ್ತದೆ. ಅದೇ ಇಳಿಜಾರಿನಿಂದ ಉಪಕಾರವೂ ಉಂಟು. ತಟ್ಟುಗಳ ನಡುವೆ ಹತ್ತಡಿ ಎತ್ತರದ ಅಂತರವಿದ್ದರೆ, ಮೇಲೆ ನಿಂತು ಕೆಳಗಿನ ಮರಕ್ಕೆ ಮದ್ದು ಬಿಡುವಾಗ ದೋಟಿಯ ಉದ್ದದಲ್ಲಿ ಹೆಚ್ಚುಕಡಿಮೆ ಅಷ್ಟೇ ಉಳಿತಾಯ. ದೋಟಿ ಗಿಡ್ಡವಾದಷ್ಟೂ ಬಳುಕು ಕಡಿಮೆ. ಮುರಕಲ್ಲಿನ (ಜಂಬಿಟ್ಟಿಗೆಯ) ಹುಡಿ ಸಂದಿಗೆ ಹೊಕ್ಕರೆ ಮಾತ್ರ ಕೊಳವೆ ಕಚ್ಚಿಕೊಳ್ಳುತ್ತದೆ. ಮಡಚುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು.

ತೋಟದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಆ ಸಾಲಿನ ಹತ್ತಿರ ದೋಟಿ ಎತ್ತಲೇಬಾರದು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಬಿದಿರಿನ ಕೋಲು ಹಿಡಿದು ಅಭ್ಯಾಸವಾದ ಕೈಗೆ ಈ ಮಾತು ಮತ್ತೆ ಮತ್ತೆ ಹೇಳಬೇಕು.

ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಬೇಕು: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕಿಲೋ ಒಳ್ಳೆಯ ಸುಣ್ಣ ಬೇರೆ 50 ಲೀಟರಿಗೆ. ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಸೋಸದೆ ಪಂಪಿಗೆ ಹಾಕಿದರೆ ಸುಣ್ಣದ ಚರಟ ದೋಟಿ ತುದಿಯ ನಾಜಲ್ ಕಟ್ಟುತ್ತದೆ. ಅದನ್ನು ಬಿಡಿಸಲು ಪ್ರತಿಸಲ ದೋಟಿ ಕೆಳಗಿಳಿಸುವುದರಲ್ಲೇ ಮಳೆಯ ನಡುವಿನ ಬಿಸಿಲು ಮುಗಿಯುತ್ತದೆ. ಆಮೇಲೆ ಬೈಗುಳ ದೋಟಿಗೆ!

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 259 ಕೃಷಿಕರನ್ನು ಮಾತಾಡಿಸಿ 1943ರಲ್ಲಿ ಬರೆದರು. ಸುದ್ದಿ ಹೆಚ್ಚಾಗಿ ಬೀಜ ಮಾರುವವರಿಂದ ಬಂದರೂ ಧೈರ್ಯ ಬಂದದ್ದು ನೆರೆಯವರಿಂದ. ಹಾಗೆಂದು ಗದ್ದೆ ಬದಿಯ ಸಮತಟ್ಟು ತೋಟ ಕಂಡು ಗುಡ್ಡದ ತೋಟಕ್ಕೆ ದೋಟಿ ಕೊಳ್ಳಬಾರದು. ನಿಮ್ಮಂಥದೇ ತಟ್ಟು, ಅಷ್ಟೇ ಎತ್ತರದ ಮರ ಇರುವಲ್ಲಿಗೆ ಹೋಗಿ. ಅದೂ ಹೊಸತು ತಂದ ದಿನವಲ್ಲ, ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳು) ಎರಡನೇ ಮದ್ದು ಬಿಡುವ ದಿನ.